ಮೂರನೆಯ ಕೊಂಡಿ

ಸಂಘದ ಹೆಂಗಸರು ಒಂದು ಪಿಕಪ್ ಗಾಡಿ ಕೊಳ್ಳುವುದೆಂದು ತೀರ್ಮಾನಿಸಿದ ದಿನ ಇಂಜಿನ್ನಿನ ಮಾತನ್ನು ಯಾರೂ ಎತ್ತಲಿಲ್ಲ. ಮಾತೆಲ್ಲ ನಡೆದದ್ದು ಗಾಡಿಯ ಹಿಂದಿನ ಬಾಗಿಲ ಬಗ್ಗೆ.

ಅದಕ್ಕೆ ಕಾರಣವಿತ್ತು. ಹನೂರಿನ ಆಚೆಯ ಆ ಕಾಡಂಚಿನ ಊರಿನಲ್ಲಿ ಸಂಘದವರು ಬೆಳೆದ ಅರಿಸಿನ, ರಾಗಿ, ಬಾಳೆಗೊನೆಗಳನ್ನು ಗಾಡಿಗೆ ತುಂಬುವವರೂ ಇಳಿಸುವವರೂ ಹೆಂಗಸರೇ. ಹೋದ ಸುಗ್ಗಿಯಲ್ಲಿ ಬಾಡಿಗೆ ಗಾಡಿಯ ಬಾಗಿಲು ಎತ್ತಿ ಹಾಕುವಾಗ ಚಿಕ್ಕನಿಂಗಮ್ಮನ ಎರಡು ಬೆರಳು ಕೊಂಡಿಯ ಸಂದಿಗೆ ಸಿಕ್ಕಿ ಜಜ್ಜಿಹೋಗಿದ್ದವು. ಈಗಲೂ ಆಕೆ ಆ ಕೈಯಲ್ಲಿ ಮುದ್ದೆ ಮುರಿಯಲಾರಳು.

"ಇಂಜಿನ್ ಎಂಗದೆ ಅಂತ ಗಂಡಸ್ರ ಕೇಳುದ್ರಾಯ್ತು," ಅಂದಳು ಅಧ್ಯಕ್ಷೆ ಚನ್ನಾಜಮ್ಮ. "ದಿನಾ ತಗ್ದು ಆಕದು ಬಾಗ್ಲ ತಾನೆ? ಅದ ನಾವೇ ನೋಡ್ಬೇಕು. ಗಂಡ ಇಲ್ದಿದ್ರೂವೆ ಎತ್ತಾಕಾಗ್ಬೇಕು, ಅಂಥದ್ದು."

ಅಂದವಳು ನಾಲಿಗೆ ಕಚ್ಚಿಕೊಂಡು ಭವ್ಯಶ್ರೀಯ ಕಡೆ ನೋಡಿದಳು. ಭವ್ಯಶ್ರೀ ನಡಾವಳಿ ಪುಸ್ತಕದಿಂದ ತಲೆ ಎತ್ತಲಿಲ್ಲ. "ಒಬ್ಬರೇ ಎತ್ತುವಂತಿರಬೇಕು" ಎಂದು ಬರೆದುಕೊಂಡು ಕೆಳಗೊಂದು ಗೆರೆ ಎಳೆದಳು.

ಅವಳ ಗಂಡ ಶಿವಕುಮಾರಸ್ವಾಮಿ ಸತ್ತು ಎಂಟು ತಿಂಗಳಾಗಿತ್ತು. ಸತ್ತೇಗಾಲದ ಹುಡುಗಿ, ಮೈಸೂರಿನಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮಾಡಿದವಳು, ಮದುವೆಯಾಗಿ ಎರಡೂವರೆ ವರ್ಷ. ಅವಳು ಅಳದೆ ಇದ್ದದ್ದನ್ನು ಊರಿನವರು ಮೊದಲು ಗಟ್ಟಿತನ ಅಂದರು, ಆಮೇಲೆ ಓದಿನ ಸೊಕ್ಕು ಅಂದರು, ಈಚೆಗೆ ಏನೂ ಅನ್ನುತ್ತಿರಲಿಲ್ಲ. ದಾರಿಯಲ್ಲಿ ಯಾವ ಪಿಕಪ್ ಹೋದರೂ ಅವಳು ನಿಂತು ಅದರ ಹಿಂಭಾಗವನ್ನೇ ನೋಡುವುದನ್ನು ಮಾತ್ರ ಕೆಲವರು ಗಮನಿಸಿದ್ದರು. ಗಂಡ ಓಡಿಸುತ್ತಿದ್ದ ಗಾಡಿ ನೆನಪಾಗುತ್ತದೇನೋ ಪಾಪ ಎಂದುಕೊಂಡಿದ್ದರು. ಅವಳು ನೋಡುತ್ತಿದ್ದದ್ದು ಕೊಂಡಿಗಳನ್ನು. ಎಷ್ಟಿವೆ, ಯಾವ ಕಡೆಗೆ ಎಳೆದರೆ ಬಿಡುತ್ತವೆ ಎನ್ನುವುದನ್ನು.

ಮೂರು ಜನ ಹೋಗಿ ಗಾಡಿಗಳನ್ನು ನೋಡಿ ಬರುವುದು, ಭವ್ಯಶ್ರೀ ವರದಿ ಬರೆಯುವುದು ಎಂದಾಯಿತು. ಚನ್ನಾಜಮ್ಮ ಒಬ್ಬಳು. ಮೂರನೆಯವಳಾಗಿ ಭವ್ಯಶ್ರೀಯ ಅತ್ತೆ ಮಹಾದೇವಮ್ಮ ತಾನಾಗಿಯೇ ಎದ್ದು ನಿಂತಳು.

"ನಾನೂ ಬತ್ತೀನಿ. ಆ ಕೊಳ್ಳೇಗಾಲದ ರಾಜಣ್ಣನ ಬಾಗ್ಲ ಒಂದ ಬುಟ್ಟು ಯಾವ್ದಾದ್ರೂ ತಕ್ಕಳಿ," ಅಂದಳು. "ಅಂವನ ಕೊಂಡಿ ನನ್ನ ಮಗನ ತಿಂತು."

ಮಗನ ಗಾಡಿಗೆ ಬಾಗಿಲು ಕಟ್ಟಿಕೊಟ್ಟವನು ಆ ರಾಜಣ್ಣ. ಕೊಂಡಿ ಬಿಟ್ಟುಕೊಂಡು, ಒಳಗಿದ್ದ ಕಲ್ಲುಕಂಬಗಳು ಜಾರಿ ಶಿವಕುಮಾರನ ಮೇಲೆ ಬಿದ್ದವು ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಪೊಲೀಸರ ಕಾಗದದಲ್ಲೂ ಹಾಗೇ ಬರೆದಿತ್ತು. ಅದರ ಕೆಳಗೆ ಭವ್ಯಶ್ರೀಯ ರುಜು ಇತ್ತು.

*

ಬುಧವಾರ ಬೆಳಿಗ್ಗೆ ಮೂವರೂ ಕೊಳ್ಳೇಗಾಲದ ಶೋರೂಮಿಗೆ ಹೋದರು. ಟೈ ಕಟ್ಟಿದ ಒಬ್ಬ ಯುವಕ ಮೈಲೇಜು, ಹಾರ್ಸ್‌ಪವರ್ರು ಅಂತ ಶುರುಮಾಡಿದ.

"ಅವೆಲ್ಲ ಇರ್ಲಿ ಕನಪ್ಪ, ಹಿಂದ್ಗಡೆ ಬಾ," ಅಂದಳು ಚನ್ನಾಜಮ್ಮ.

ಮೊದಲನೆಯ ಗಾಡಿಗೆ ಒಂದೇ ತುಂಡಿನ ತಗಡಿನ ಬಾಗಿಲು. ಎಡಕ್ಕೊಂದು ಬಲಕ್ಕೊಂದು ಕೊಂಡಿ, ಕೆಳಗೆ ಕೀಲು, ಇಳಿಬಿಟ್ಟರೆ ಅಡ್ಡಲಾಗಿ ತಡೆದು ನಿಲ್ಲಿಸಲು ಎರಡು ಚೈನು. ಎರಡನೆಯದರಲ್ಲಿ ಹಿಂದೆ ಮಾತ್ರವಲ್ಲ, ಎರಡು ಪಕ್ಕಗಳೂ ತೆರೆದುಕೊಳ್ಳುತ್ತಿದ್ದವು. ಬಾಳೆಗೊನೆಯನ್ನು ಯಾವ ಕಡೆಯಿಂದ ಬೇಕಾದರೂ ಎಳೆದುಕೊಳ್ಳಬಹುದು ಎಂದ ಯುವಕ.

"ಮೂರು ಕಡೀಕೂ ಬಾಗ್ಲು ಅಂದ್ರೆ ಅದು ಗಾಡಿ ಅಲ್ಲ ಕನಪ್ಪ, ಮಂಟಪ," ಅಂದಳು ಚನ್ನಾಜಮ್ಮ. ಕೊಂಡಿಗಳನ್ನು ಮುಟ್ಟಿ ಮುಟ್ಟಿ ಎಣಿಸಿದಳು. "ಆರವೆ. ಒಂದ ಆಕದ ಮರ್ತ್ರೆ?"

"ಮರೆಯಲ್ಲ ಮೇಡಂ, ಅಭ್ಯಾಸ ಆಗಿಬಿಡುತ್ತೆ."

"ನಿಂಗೆ ಮದ್ವೆ ಆಗದಾ?"

"ಇಲ್ಲ ಮೇಡಂ."

"ಅದ್ಕೇ. ಮರೆಯದು ಅಂದ್ರೆ ಏನು ಅಂತ ನಿಂಗಿನ್ನೂ ಗೊತ್ತಿಲ್ಲ ಬುಡು."

ಯುವಕ ನಕ್ಕ. ಭವ್ಯಶ್ರೀ ಟೇಪು ಹಿಡಿದು ನೆಲದಿಂದ ಗಾಡಿಯ ಹಾಸಿನವರೆಗೆ ಅಳೆದಳು. ಮೊದಲನೆಯದು ಚನ್ನಾಜಮ್ಮನ ಎದೆಮಟ್ಟ, ಎರಡನೆಯದು ನಾಲ್ಕು ಬೆರಳು ಕೆಳಗೆ. ಪುಸ್ತಕದಲ್ಲಿ ಮೊದಲೇ ಗೆರೆ ಹಾಕಿ ಮನೆ ಮಾಡಿಕೊಂಡು ಬಂದಿದ್ದಳು: ಎತ್ತರ, ಬಾಗಿಲ ತೂಕ, ಕೊಂಡಿಗಳು, ಬೀಳುತ್ತದೋ ಇಳಿಯುತ್ತದೋ, ಮುಚ್ಚಲು ಎಷ್ಟು ಜನ. ಒಂದೊಂದನ್ನೇ ತುಂಬಿದಳು.

"ನೀವೇ ಒಂದ್ಸಲ ತೆಗೆದು ನೋಡಿ ಮೇಡಂ," ಎಂದ ಯುವಕ.

ಅವಳು ಪುಸ್ತಕವಿದ್ದ ಕೈಯನ್ನೂ ಟೇಪು ಇದ್ದ ಕೈಯನ್ನೂ ತೋರಿಸಿದಳು. ಚನ್ನಾಜಮ್ಮನೇ ಹೋಗಿ ಎರಡೂ ಕೊಂಡಿ ಎಳೆದಳು. ಬಾಗಿಲು ಧಡಾರನೆ ಬಿದ್ದು ಚೈನಿನ ಮೇಲೆ ಒಮ್ಮೆ ಕುಣಿದು ನಿಂತಿತು. ಮಹಾದೇವಮ್ಮ ಕಿವಿ ಮುಚ್ಚಿಕೊಂಡು ಬೀದಿಗೆ ಹೊರಟುಹೋದಳು.

ಭವ್ಯಶ್ರೀ ಅಲ್ಲೇ ನಿಂತಿದ್ದಳು. ಆ ಸದ್ದು ಅವಳಿಗೆ ಹೊಸದಲ್ಲ.

ಆವತ್ತು ಸಂಜೆ ನಾಲ್ಕರ ಹೊತ್ತು. ಹಿತ್ತಲ ಹಿಪ್ಪುನೇರಳೆ ತೋಟಕ್ಕೆ ಹಂದಿ ನುಗ್ಗುತ್ತವೆಂದು ಬೇಲಿ ಹಾಕಲು ಶಿವಕುಮಾರ ಕಲ್ಲುಕಂಬ ತಂದಿದ್ದ. ಮಾವ ಚಿಕ್ಕಮಾದಪ್ಪ ಕಂಬ ನಿಲ್ಲಿಸುವ ಆಳುಗಳನ್ನು ಕರೆಯಲು ಹೋಗಿದ್ದರು, ಅತ್ತೆ ಹನೂರಿನ ಸಂತೆಗೆ. ಗಾಡಿ ಮನೆಯ ಪಕ್ಕದ ಏರಿನಲ್ಲಿ ಹಿಂಭಾಗ ಇಳಿಜಾರಿಗೆ ಮಾಡಿಕೊಂಡು ನಿಂತಿತ್ತು. ಬೆಳಗಿನಿಂದ ಮೂರನೆಯ ಸರತಿ, ಅವನ ಅಂಗಿ ಬೆನ್ನಿಗೆ ಅಂಟಿತ್ತು. ಗಾಡಿ ಜಾರದಿರಲೆಂದು ಗಾಲಿಗೆ ಕೊಡುವ ಕಲ್ಲು ತರಲು ಅವನು ಬೇಲಿಯ ಕಡೆ ಹೋದ. ಒಂದು ಕೆಲಸವಾದರೂ ಕಡಿಮೆಯಾಗಲಿ ಎಂದು ಅವಳು ಎಡಗಡೆಯ ಕೊಂಡಿ ತೆಗೆದು, ಬಲಗಡೆಗೆ ಬಂದು ನಿಂತಳು. ಅವನು ವಾಪಸ್ಸು ಬಂದು ಎಡಗಡೆಯ ಗಾಲಿಯ ಹಿಂದೆ ಕುಕ್ಕುರುಗಾಲಲ್ಲಿ ಕೂತದ್ದು ಗೊತ್ತಾಯಿತು. ಕಲ್ಲಿಟ್ಟ ಸದ್ದೂ ಕೇಳಿಸಿತು. ಎದ್ದಿರುತ್ತಾನೆ ಎಂದುಕೊಂಡಳು. ಬಲಗಡೆಯ ಕೊಂಡಿ ಎಳೆದಳು.

ಅವನು ಎದ್ದಿರಲಿಲ್ಲ. ಏರು ಹತ್ತುವಾಗ ಕಂಬಗಳೆಲ್ಲ ಜಾರಿ ಬಾಗಿಲಿಗೆ ಒರಗಿಕೊಂಡಿದ್ದವು.

ಬಾಗಿಲು ತೆಗೆಯುವ ಮುಂಚೆ ಅಂಗೈಯಲ್ಲಿ ಎರಡು ಸಲ ಬಡಿದು ನೋಡಬೇಕು. ತಮಟೆಯ ಹಾಗೆ ಸದ್ದು ಬಂದರೆ ಹಿಂದೆ ಏನೂ ಒರಗಿಲ್ಲ, ಮಂಕಾಗಿ ಬಂದರೆ ಹೊರೆ ಒರಗಿದೆ ಅಂತ. ಈ ಕಡೆಯ ಗಾಡಿಯವರೆಲ್ಲ ಹಾಗೆ ಮಾಡುತ್ತಾರೆ. ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ನೋಡಿ ನೋಡಿ ಬರುತ್ತದೆ. ಅವನು ಬಡಿಯುವುದನ್ನು ಅವಳು ಎಷ್ಟೋ ಸಲ ಕಂಡಿದ್ದಳು. ಎತ್ತಿನ ಬೆನ್ನು ತಟ್ಟುವ ಹಾಗೆ ಗಾಡಿಯ ಮೇಲಿನ ಪ್ರೀತಿಗೆ ತಟ್ಟುತ್ತಾನೆ ಎಂದುಕೊಂಡಿದ್ದಳು.

ಮೊದಲು ಓಡಿಬಂದವನು ಪಕ್ಕದ ಹೊಲದವನು. "ಕೊಂಡಿ ಬಿಟ್ಕತ್ತಾ?" ಅಂತ ಕೇಳಿದ. ಅವಳು ಹೌದೆಂದು ತಲೆಯಾಡಿಸಿದಳು. ಯಾರೋ "ಮನೆ ಒಳ್ಗಿದ್ಲು ಪಾಪ" ಅಂದರು. ಅದಕ್ಕೂ ಸುಮ್ಮನಿದ್ದಳು. ಆಮೇಲೆ ಅದನ್ನು ತಿದ್ದುವ ಹೊತ್ತು ಬರಲೇ ಇಲ್ಲ. ಮಣ್ಣು ಮಾಡಿದ ದಿನ ರಾಜಣ್ಣ ಕೊಳ್ಳೇಗಾಲದಿಂದ ಬಂದು ಮನೆಯ ಮುಂದೆ ನಿಂತಾಗ ಮಹಾದೇವಮ್ಮ ಊರೆಲ್ಲ ಕೇಳುವ ಹಾಗೆ ಅವನನ್ನು ಬೈದು ಕಳಿಸಿದಳು. ತಿಂಗಳೊಳಗೆ ಮಾವ ಆ ಗಾಡಿಯನ್ನು ಯಾರೋ ತಮಿಳಿನವನಿಗೆ ಮಾರಿಬಿಟ್ಟರು. ಹನೂರು ಕಡೆಯ ಗಾಡಿಯವರು ರಾಜಣ್ಣನ ಶೆಡ್ಡಿಗೆ ಹೋಗುವುದನ್ನು ಬಿಟ್ಟರು. ಇದೆಲ್ಲ ಅವಳ ಕಣ್ಣೆದುರಿಗೇ ಆಯಿತು.

*

ಶೋರೂಮಿನಿಂದ ಯಳಂದೂರಿಗೆ ಹೋಗಬೇಕೆಂದು ಹಟ ಮಾಡಿದವಳು ಮಹಾದೇವಮ್ಮ. ಅವಳ ತಮ್ಮ ಮಲ್ಲಿಕಾರ್ಜುನಸ್ವಾಮಿ ಹೊಸದಾಗಿ ದೊಡ್ಡದೊಂದು ಪಿಕಪ್ ತಂದಿದ್ದ. ಮುಂದೆ ಕಾರಿನ ಹಾಗೆ ಎರಡು ಸಾಲು ಸೀಟು, ಹಿಂದೆ ಸಾಮಾನಿಗೆ ಜಾಗ. ಅಕ್ಕನನ್ನು ಕಂಡದ್ದೇ ಆತ ಪಂಚೆ ಸರಿಮಾಡಿಕೊಂಡು ಗಾಡಿಯ ಹಿಂದೆ ಹೋಗಿ ನಿಂತ.

"ನೋಡಕ್ಕ, ಕೊಂಡಿನೇ ಇಲ್ಲ. ಇಲ್ಲೊಂದು ಗುಂಡಿ ಒತ್ತದು, ಸುಮ್ನೆ ದೂರ ನಿಂತ್ಕಳದು."

ಒತ್ತಿದ. ಬಾಗಿಲು ತಾನಾಗಿ ತೆರೆದುಕೊಂಡು, ಮಗುವನ್ನು ತೊಟ್ಟಿಲಿಗೆ ಮಲಗಿಸುವ ಹಾಗೆ ನಿಧಾನವಾಗಿ ಇಳಿದು, ಸದ್ದಿಲ್ಲದೆ ನಿಂತಿತು. ಒಂದು ಬೆರಳಿನಿಂದ ಎತ್ತಿ ತೋರಿಸಿದ. ಮತ್ತೆ ಇಳಿಸಿದ. ಬೀಗದ ಕೈ ಒತ್ತಿದರೆ ಮುಂದಿನ ಬಾಗಿಲುಗಳ ಜೊತೆಗೆ ಇದೂ ಬೀಗ ಹಾಕಿಕೊಳ್ಳುತ್ತದೆ ಎಂದ.

"ಒಳ್ಗೆ ಏನ್ ತುಂಬ್ತೀರಿ ಸಾಮಿ?" ಕೇಳಿದಳು ಚನ್ನಾಜಮ್ಮ. ಒಳಗಿನ ಕಪ್ಪು ಹಾಸಿನ ಮೇಲೆ ಒಂದು ಗೀರೂ ಇರಲಿಲ್ಲ.

"ತುಂಬದಾ? ತುಂಬುದ್ರೆ ಗೀರು ಬೀಳಾಕಿಲ್ವ?"

"ಅಂಗಾರೆ ಬಾಗ್ಲು ಯಾತಕ್ಕೆ?"

"ಬಂದವ್ರಿಗೆ ತೋರ್ಸಾಕೆ ಕನವ್ವ," ಎಂದು ಆತನೇ ನಕ್ಕುಬಿಟ್ಟ.

ಮಹಾದೇವಮ್ಮ ನಗಲಿಲ್ಲ. ಇಳಿದು ನಿಂತ ಬಾಗಿಲ ಮೇಲೆ ಕೈಯಾಡಿಸುತ್ತಿದ್ದಳು. "ಇಂಥದ್ದಿದ್ದಿದ್ರೆ ನನ್ನ ಮಗ ಇರನು," ಅಂದಳು.

ಮಲ್ಲಿಕಾರ್ಜುನಸ್ವಾಮಿಯ ನಗೆ ನಿಂತಿತು. ಇರುತ್ತಿರಲಿಲ್ಲ ಎಂದು ಭವ್ಯಶ್ರೀಗೆ ಗೊತ್ತಿತ್ತು. ಅಷ್ಟು ಕಲ್ಲು ಒರಗಿದರೆ ಈ ಮೆತ್ತಗಿನ ಬಾಗಿಲೂ ಮೆತ್ತಗೆ ಇಳಿಯುವುದಿಲ್ಲ. ತೆಗೆದ ಮೇಲೆ ಎಲ್ಲ ಬಾಗಿಲೂ ಒಂದೇ. ಪುಸ್ತಕದಲ್ಲಿ "ನಿಧಾನವಾಗಿ ಇಳಿಯುತ್ತದೆ, ಒಬ್ಬರೇ ಸಾಕು, ನಮ್ಮ ಕೆಲಸಕ್ಕಲ್ಲ" ಎಂದು ಬರೆದಳು. ಬರೆಯುವಾಗ ಅಕ್ಷರ ಎಂದಿನಂತೆ ದುಂಡಗೇ ಬಂತು. ಎಂಟು ತಿಂಗಳಿನಿಂದ ಅವಳ ಅಕ್ಷರ ಒಮ್ಮೆಯೂ ಕೆಟ್ಟಿರಲಿಲ್ಲ. ಅದೇ ಅವಳಿಗೆ ಭಯ.

ಕೊಳ್ಳೇಗಾಲಕ್ಕೆ ಮರಳುವ ಬಸ್ಸಿನಲ್ಲಿ ಮಹಾದೇವಮ್ಮ ಸೊಸೆಯ ಪಕ್ಕ ಕೂತು ಪುಸ್ತಕದ ಮೇಲೆ ಬೆರಳಿಟ್ಟಳು. "ಕೊನೇ ಸಾಲು ಕಾಲಿ ಬುಟ್ಟಿದ್ದೀಯಲ್ಲ, ಅದ್ಯಾರ್ದು?"

"ರಾಜಣ್ಣನದು, ಅತ್ತೆ. ಚನ್ನಾಜಮ್ಮನೋರು ಅಲ್ಲಿಗೂ ಹೋಗೋಣ ಅಂತಿದ್ದಾರೆ."

"ಕವಿತ ಯೋಳವ್ಳೆ ಕನಕ್ಕಯ್ಯ," ಹಿಂದಿನ ಸೀಟಿನಿಂದ ಚನ್ನಾಜಮ್ಮ ಮೆಲ್ಲಗೆ ಅಂದಳು. ಕವಿತ ಲೈಸೆನ್ಸ್ ಮಾಡಿಸಿಕೊಂಡು ಸಂಘದ ಗಾಡಿ ಓಡಿಸಲಿದ್ದವಳು. "ಬಾಗ್ಲಿಲ್ದ ಬರೀ ಗಾಡಿ ತಂದು ರಾಜಣ್ಣನ ತಾವು ಬಾಗ್ಲು ಕಟ್ಸುದ್ರೆ ಮೊರದಂಗೆ ಅಗುರ ಇರ್ತದಂತೆ. ನೋಡದೇ ಬುಟ್ರೆ ನಾಳೆ ನಾಕು ಜನ ಕೇಳ್ತರೆ."

"ನೋಡ್ಕಳಿ. ನಾನು ಆ ಶೆಡ್ಡಿನೊಳಕ್ಕೆ ಕಾಲಿಡಾಕಿಲ್ಲ." ಮಹಾದೇವಮ್ಮ ಸೊಸೆಯ ಕಡೆ ತಿರುಗಿದಳು. "ನೀನು ಓದ್ದವಳು, ನೀನು ಬರದ್ರೆ ಜನ ನಂಬ್ತರೆ. ರಾಜಣ್ಣನ ಬಾಗ್ಲು ಜೀವ ತಗೀತದೆ, ಯಾರೂ ಆಕಿಸ್ಬ್ಯಾಡಿ ಅಂತ ಬರಿ. ಸಂಘದ ಸೀಲು ಒತ್ತಿ ಎಲ್ಲಾ ಊರ್ಗೂ ಕಳ್ಸವ. ಇನ್ನೊಬ್ರ ಮನೆ ಮಗ ಓಗದು ಬ್ಯಾಡ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಊರಿಗೆ ಒಳ್ಳೆಯದು ಮಾಡುತ್ತಿದ್ದೇನೆಂಬ ನಂಬಿಕೆ ಇತ್ತು. ಭವ್ಯಶ್ರೀ ಪೆನ್ನು ತೆಗೆದು "ರಾಜಣ್ಣನವರ ಬಾಗಿಲು" ಎಂದು ಬರೆದಳು. ಬಸ್ಸು ಕೊಳ್ಳೇಗಾಲ ಮುಟ್ಟುವವರೆಗೂ ಅದರ ಮುಂದೆ ಏನೂ ಬರೆಯಲಿಲ್ಲ.

*

ರಾಜಣ್ಣನ ಶೆಡ್ಡು ಊರ ಹೊರಗಿನ ರಸ್ತೆಯಲ್ಲಿತ್ತು. ಮಹಾದೇವಮ್ಮ ರಸ್ತೆಯ ಈಚೆಗಿದ್ದ ಟೀ ಅಂಗಡಿಯ ಬೆಂಚಿನ ಮೇಲೆ ಶೆಡ್ಡಿಗೆ ಬೆನ್ನು ಮಾಡಿ ಕೂತಳು. ಉಳಿದಿಬ್ಬರು ದಾಟಿ ಹೋದರು.

ಒಂದೇ ಒಂದು ಗಾಡಿ ನಿಂತಿತ್ತು. ಅದಕ್ಕೆ ಬೆಸುಗೆ ಹಾಕುತ್ತಿದ್ದವನು ಹೆಜ್ಜೆಯ ಸದ್ದಿಗೆ ತಿರುಗಿ, ಭವ್ಯಶ್ರೀಯನ್ನು ಕಂಡು, ಯಂತ್ರ ಆರಿಸಿ ಕನ್ನಡಕ ತೆಗೆದ. ಕಣ್ಣಿನ ಸುತ್ತ ಬಿಟ್ಟು ಮುಖವೆಲ್ಲ ಮಸಿ. ಎಂಟು ತಿಂಗಳಲ್ಲಿ ಎಂಟು ವರ್ಷ ವಯಸ್ಸಾದವನಂತಿದ್ದ. ಕೂರಲು ಸ್ಟೂಲು ಕೊಡಬೇಕೆಂದು ಎತ್ತಿಕೊಂಡು, ಕೊಡಬಹುದೋ ಬಾರದೋ ಎಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ನಿಂತ.

"ಕೂರಾಕೆ ಬರ್ನಿಲ್ಲ ಕಣ್ಲಾ, ಬಾಗ್ಲ ತೋರ್ಸು," ಅಂದಳು ಚನ್ನಾಜಮ್ಮ.

ಆ ಗಾಡಿಯದೇ ಹೊಸ ಬಾಗಿಲು ಇಳಿದು ನಿಂತಿತ್ತು. ಚನ್ನಾಜಮ್ಮ ಸೆರಗು ಸಿಕ್ಕಿಸಿಕೊಂಡು ಎತ್ತಲು ಹೋದಳು. ಅರ್ಧ ಎದ್ದು ವಾಪಸ್ಸು ಬಂತು. ಇನ್ನೊಮ್ಮೆ ಮೊಣಕಾಲು ಕೊಟ್ಟು ಎತ್ತಿದಳು. ಆಗಲಿಲ್ಲ.

"ಇದ್ಯಾಕ್ಲಾ ಈಟು ಭಾರ? ನಿನ್ನ ಬಾಗ್ಲು ಮೊರದಂಗೆ ಇರ್ತದೆ ಅಂದಿದ್ರು."

"ಇತ್ತು ಕನವ್ವ. ಈಗ ಮಧ್ಯಕ್ಕೆ ಇನ್ನೊಂದು ಕೊಂಡಿ ಆಕ್ತಾವ್ನಿ. ಅದ್ಕೆ ಬಲ ಇರ್ಲಿ ಅಂತ ಒಳ್ಗೆ ದಪ್ಪ ಕಬ್ಣದ ಪಟ್ಟಿ ಕೊಟ್ಟಿವ್ನಿ."

"ಯಾರ್ ಕೇಳುದ್ರು ಮೂರ್ನೇದ?"

"ಯಾರೂ ಕೇಳ್ನಿಲ್ಲ. ಸುಮ್ನೆ ಆಕ್ಕೊಡ್ತೀನಿ." ರಾಜಣ್ಣ ಸ್ಟೂಲನ್ನು ಕೆಳಗಿಟ್ಟ. "ಭಾರ ಅಂತ ಗಾಡಿಯೋರು ಬೈತರೆ. ಕೆಲವ್ರು ಬರದೇ ಬುಟ್ರು."

ಅವನೇ ಮುಂದುವರಿದ. ಹೇಳಬೇಕೆಂದು ಬಹಳ ದಿನದಿಂದ ಕಾದುಕೊಂಡಿದ್ದವನ ಹಾಗೆ, ಭವ್ಯಶ್ರೀಯ ಕಾಲಿನ ಕಡೆ ನೋಡುತ್ತಾ ಹೇಳಿದ.

"ಗಾಡಿ ಮಾರ್ಬುಟ್ರಲ್ಲವ್ವ, ಎಲ್ಲಿ ಬಿಟ್ಕತ್ತು ಅಂತ ನೋಡಾಕಾಗ್ನಿಲ್ಲ. ಬೆಸುಗೆ ಬುಟ್ಟಿತ್ತಾ, ಪಿನ್ನು ಸವ್ದಿತ್ತಾ. ಆ ತಮಿಳ್ನೋರ್ನ ಉಡುಕ್ಕಂಡು ಸತ್ಯಮಂಗಲಕ್ಕೂ ಓಗಿದ್ದಿ. ಗಾಡಿ ಕೈ ಬದ್ಲಾಗಿ ಓಗಿತ್ತು. ತಪ್ಪು ಇಂತಲ್ಲಿ ಅಂತ ಗೊತ್ತಾಗಿದ್ರೆ ಅದೊಂದ ಸರಿ ಮಾಡ್ಕಳ್ತಿದ್ದಿ. ಗೊತ್ತಿಲ್ದೇ ಇರದ್ಕೆ ಎಲ್ಲಾನೂ ಭಾರ ಮಾಡ್ತಾವ್ನಿ."

ಭವ್ಯಶ್ರೀ ಆ ಮೂರನೆಯ ಕೊಂಡಿಯನ್ನು ನೋಡಿದಳು. ಕೆಲಸ ಅಚ್ಚುಕಟ್ಟಾಗಿತ್ತು. ಬೆಸುಗೆಯನ್ನು ಉಜ್ಜಿ ನುಣುಪು ಮಾಡಿ, ಚಿಕ್ಕನಿಂಗಮ್ಮನಂಥವರ ಬೆರಳು ಸಿಗದಿರಲೆಂದು ಅಂಚನ್ನು ಮಡಚಿದ್ದ. ಯಾವತ್ತೂ ಆಗಿರದ ತಪ್ಪಿಗೆ ಇವನು ದಿನವೂ ಕಬ್ಬಿಣ ಬೆಸೆಯುತ್ತಿದ್ದಾನೆ. ಅದನ್ನು ಎತ್ತಲಾರದೆ ಜನ ಅವನನ್ನು ಬಿಟ್ಟು ಹೋಗುತ್ತಿದ್ದಾರೆ. ತಾನು ಬಾಯಿ ತೆರೆಯದಿದ್ದರೆ ನಾಳೆ ನಾಲ್ಕನೆಯದನ್ನೂ ಹಾಕುತ್ತಾನೆ.

"ಬಿಟ್ಟುಕೊಳ್ಳಲಿಲ್ಲ ರಾಜಣ್ಣ," ಅಂದಳು. "ಎರಡೂ ಕೊಂಡಿ ನಾನೇ ತೆಗೆದೆ."

ಚನ್ನಾಜಮ್ಮ ಸೆರಗು ಬಿಡಿಸಿಕೊಳ್ಳುತ್ತಿದ್ದವಳು ಹಾಗೇ ನಿಂತಳು.

"ಅವರು ಗಾಲಿಗೆ ಕಲ್ಲು ಕೊಡ್ತಿದ್ದರು. ಎದ್ದಿದ್ದಾರೆ ಅಂದುಕೊಂಡು ತೆಗೆದೆ. ನಿಮ್ಮ ಕೊಂಡಿಗೆ ಏನೂ ಆಗಿರಲಿಲ್ಲ. ಸಲೀಸಾಗಿ ಬಂತು."

ರಾಜಣ್ಣ ಇಳಿದಿದ್ದ ಬಾಗಿಲ ಮೇಲೆ ಅಂಗೈ ಇಟ್ಟ. ಆಮೇಲೆ ಕೆಲಸದವನ ದನಿಯಲ್ಲೇ ಕೇಳಿದ. "ಬಡ್ದು ನೋಡುದ್ರಾ?"

"ನನಗೆ ಗೊತ್ತಿರಲಿಲ್ಲ."

"ಗೊತ್ತಿರ್ನಿಲ್ಲ," ಎಂದು ಅವನೂ ಹೇಳಿಕೊಂಡ. ಇಳಿದಿದ್ದ ಬಾಗಿಲ ಅಂಚಿನ ಮೇಲೆ ಕೂತುಬಿಟ್ಟ. ಮಸಿ ಕೈಯಿಂದ ಮುಖ ಒರೆಸಿಕೊಳ್ಳಲು ಹೋಗಿ ಇನ್ನಷ್ಟು ಮಸಿ ಮಾಡಿಕೊಂಡ. "ಎಂಟು ತಿಂಗ್ಳು ಕನವ್ವ." ಬೈಗುಳವಲ್ಲ. ಲೆಕ್ಕ ಸರಿಯೇ ಎಂದು ಅವಳನ್ನು ಕೇಳುವ ಹಾಗಿತ್ತು. ಅವಳು ಹೌದೆಂದಳು.

ಚನ್ನಾಜಮ್ಮ ಅವಳ ರಟ್ಟೆ ಹಿಡಿದು ಹೊರಗೆ ಕರೆತಂದಳು. ಟೀ ಅಂಗಡಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದ ಮಹಾದೇವಮ್ಮ ರಸ್ತೆಯಾಚೆಗೆ ಕಾಣಿಸುತ್ತಿದ್ದಳು.

"ಅಕ್ಕಯ್ಯಂಗೆ ನಾನು ಯೋಳಾಕಿಲ್ಲ," ಅಂದಳು ಚನ್ನಾಜಮ್ಮ. "ನನ್ನ ಬಾಯಿಂದ ಗೊತ್ತಾಗಬಾರ್ದು. ನಡಿ, ಈಗ್ಲೇ ಓಗು. ಇನ್ನೊಂದ್ಗಳಿಗೆ ಬುಟ್ರೆ ನಿನ್ನ ಕೈಲಾಗಾಕಿಲ್ಲ."

*

ಟೀ ಲೋಟ ಇನ್ನೂ ಅರ್ಧ ಇತ್ತು. ಭವ್ಯಶ್ರೀ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, ಶೆಡ್ಡಿನಲ್ಲಿ ಹೇಳಿದ್ದನ್ನೇ ಹೇಳಿದಳು. ಈ ಸಲ ಮಾತು ಉದ್ದವಾಯಿತು. ಅಂಗಿ ಬೆನ್ನಿಗೆ ಅಂಟಿದ್ದದ್ದು, ಮೂರನೆಯ ಸರತಿ, ತಾನು ಎಲ್ಲಿ ನಿಂತಿದ್ದೆ, ಪಕ್ಕದ ಹೊಲದವನಿಗೆ ತಲೆಯಾಡಿಸಿದ್ದು, ಪೊಲೀಸರ ಕಾಗದಕ್ಕೆ ರುಜು ಹಾಕಿದ್ದು.

ಕೇಳುತ್ತಾ ಕೇಳುತ್ತಾ ಮಹಾದೇವಮ್ಮನ ಬಾಯಿ ಸ್ವಲ್ಪ ತೆರೆದುಕೊಂಡಿತು. ಹಾಗೆಯೇ ಇತ್ತು.

"ನೀನು ಒಳ್ಗಿದ್ದೆ ಅಂದ್ರು," ಅಂದಳು ಕೊನೆಗೆ.

"ಇರಲಿಲ್ಲ ಅತ್ತೆ."

"ಎಂಟು ತಿಂಗ್ಳು ನನ್ ಮಗ್ಗುಲಲ್ಲೇ ಮಲ್ಗಿದ್ಯಲ್ಲ."

ಶಿವಕುಮಾರ ಹೋದ ಮೇಲೆ ಸೊಸೆ ಒಬ್ಬಳೇ ಮಲಗಬಾರದೆಂದು ಪಡಸಾಲೆಯಲ್ಲಿ ತನ್ನ ಪಕ್ಕಕ್ಕೇ ಚಾಪೆ ಹಾಸಿಕೊಟ್ಟವಳು ಮಹಾದೇವಮ್ಮ.

ಮಹಾದೇವಮ್ಮ ಎದ್ದಳು. ಲೋಟವನ್ನು ಅಂಗಡಿಯವನಿಗೆ ಕೊಟ್ಟು, ಎರಡೂ ಕಡೆ ನೋಡಿ, ರಸ್ತೆ ದಾಟಿದಳು. ಶೆಡ್ಡಿನ ಬಾಗಿಲಲ್ಲಿ ನಿಂತಳು. ಒಳಗೆ ಹೋಗಲಿಲ್ಲ. ರಾಜಣ್ಣ ಎದ್ದು ನಿಂತ. ಒಂದು ಲಾರಿ ಹಾದುಹೋಯಿತು.

"ಆ ಮೂರ್ನೇದ ತಗ್ದಾಕಪ್ಪ," ಅಂದಳು ಮಹಾದೇವಮ್ಮ. "ಎಂಗಸ್ರಿಗೆ ಎತ್ತಾಕಾಗಾಕಿಲ್ಲ."

ಬೇರೆ ಏನಾದರೂ ಹೇಳುತ್ತಾಳೇನೋ ಎಂದು ರಾಜಣ್ಣ ಕಾದ. ಅವಳು ಸೆರಗನ್ನು ಭುಜಕ್ಕೆ ಎಳೆದುಕೊಂಡಳು. ತಿರುಗಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಚನ್ನಾಜಮ್ಮ ಓಡಿ ಹೋಗಿ ಜೊತೆಗೂಡಿದಳು. ಭವ್ಯಶ್ರೀ ಹತ್ತು ಮಾರು ಹಿಂದೆ ನಡೆದಳು.

ಹನೂರು ಬಸ್ಸಿನಲ್ಲಿ ಜಾಗವಿತ್ತು. ಮಹಾದೇವಮ್ಮ ಕಿಟಕಿಯ ಪಕ್ಕ ಕೂತು ಚನ್ನಾಜಮ್ಮನನ್ನು ತನ್ನ ಪಕ್ಕ ಕೂರಿಸಿಕೊಂಡಳು. ಭವ್ಯಶ್ರೀ ಅವರ ಹಿಂದಿನ ಸೀಟಿನಲ್ಲಿ ಕೂತಳು. ಕಂಡಕ್ಟರ್ ಬಂದಾಗ ಮಹಾದೇವಮ್ಮ ಎಲೆಅಡಿಕೆ ಚೀಲದಿಂದ ಎರಡು ಆಧಾರ್ ಕಾರ್ಡು ತೆಗೆದಳು. ಸೊಸೆ ಕಳೆದುಕೊಂಡಾಳೆಂದು ಅವಳದನ್ನೂ ತಾನೇ ಇಟ್ಟುಕೊಳ್ಳುತ್ತಿದ್ದಳು. ಅದನ್ನು ತಿರುಗಿ ನೋಡದೆ ಚನ್ನಾಜಮ್ಮನ ಕೈಯಲ್ಲಿ ಹಿಂದಕ್ಕೆ ಕಳಿಸಿದಳು. ಕಂಡಕ್ಟರ್ ಹೆಂಗಸರ ಉಚಿತ ಪ್ರಯಾಣದ ಸೊನ್ನೆ ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ಕಾರ್ಡು ಭವ್ಯಶ್ರೀಯ ಕೈಯಲ್ಲೇ ಉಳಿಯಿತು.

ಊರು ದಾಟಿತು. ಕಬ್ಬಿನ ಗದ್ದೆಗಳು ಹೋಗಿ ಒಣಭೂಮಿ ಬಂತು, ದೂರದಲ್ಲಿ ಬೆಟ್ಟದ ಸಾಲು. ಮನೆಯಲ್ಲಿ ಮಾವನಿಗೆ ಹೇಳಬೇಕು. ಆಮೇಲೆ ಸಂಘ, ಆಮೇಲೆ ಠಾಣೆ. ಆಮೇಲೆ ತನ್ನನ್ನು ಸತ್ತೇಗಾಲಕ್ಕೆ ಕಳಿಸಬಹುದು, ಕಳಿಸದೆಯೂ ಇರಬಹುದು. ಭವ್ಯಶ್ರೀ ಇದನ್ನೆಲ್ಲ ಬೇರೆ ಯಾರದೋ ವಿಚಾರವೆಂಬಂತೆ ಒಂದರ ಕೆಳಗೊಂದು ಜೋಡಿಸಿ ನೋಡಿದಳು.

"ಮಾತಾಡ್ದನಾ?"

ಮಹಾದೇವಮ್ಮ ಕಿಟಕಿಯ ಆಚೆ ನೋಡುತ್ತಲೇ ಕೇಳಿದ್ದಳು. ಯಾರನ್ನು ಕೇಳಿದ್ದೆಂದು ಚನ್ನಾಜಮ್ಮನಿಗೆ ತಿಳಿಯದೆ ಹಿಂದೆ ತಿರುಗಿದಳು.

"ಕಲ್ಲ ತಕ್ಕಂಡು ಬಂದ್ನಲ್ಲ. ನೀನು ಅಲ್ಲೇ ಇದ್ದೆ. ಏನಾದ್ರೂ ಮಾತಾಡ್ದನಾ?"

ಭವ್ಯಶ್ರೀ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಳು. ಇದನ್ನು ಇಷ್ಟು ದಿನ ಯಾರೂ ಕೇಳಿರಲಿಲ್ಲ. ಮನೆಯೊಳಗಿದ್ದಳೆಂದು ಎಲ್ಲರೂ ನಂಬಿದ್ದವಳನ್ನು ಕೇಳುವ ಹಾಗೂ ಇರಲಿಲ್ಲ. ಅವನ ಕೊನೆಯ ಮಾತನ್ನು ತಾನು ಅವನ ತಾಯಿಗೆ ಕೊಡದೆ ಇಟ್ಟುಕೊಂಡಿದ್ದೆ ಎಂಬುದು ಅವಳಿಗೆ ಹೊಳೆದದ್ದೇ ಆಗ.

"ಬಿಸ್ನೀರು ಅದಾ ಅಂತ ಕೇಳಿದ್ರು."

"ನೀನೇನಂದೆ?"

"ಅದೆ ಅಂದೆ."

ಬಸ್ಸು ಒಂದು ಉಬ್ಬು ದಾಟಿ ಎಲ್ಲರನ್ನೂ ಎತ್ತಿ ಕೂರಿಸಿತು.

"ಇತ್ತಾ?" ಕೇಳಿದಳು ಮಹಾದೇವಮ್ಮ.

"ಇತ್ತು ಅತ್ತೆ. ಹಂಡೆ ತುಂಬ ಕಾಯ್ಸಿದ್ದೆ."

ಮಹಾದೇವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಹೆಗಲು ಕುಲುಕುವುದು ಹಿಂದಿನ ಸೀಟಿಗೆ ಕಾಣಿಸುತ್ತಿತ್ತು. ಚನ್ನಾಜಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟಳು. ಭವ್ಯಶ್ರೀ ಪುಸ್ತಕ ತೆಗೆದು "ರಾಜಣ್ಣನವರ ಬಾಗಿಲು" ಎಂಬುದರ ಮುಂದೆ "ಕೊಂಡಿಗಳಲ್ಲಿ ದೋಷವಿಲ್ಲ" ಎಂದು ಬರೆದಳು. ಅಕ್ಷರ ದುಂಡಗೆ ಬರಲಿಲ್ಲ. ಬಸ್ಸಿನ ಅಲುಗಾಟವೋ ಏನೋ ಎಂದು, ಮುಂದಿನ ಊರಿನಲ್ಲಿ ಬಸ್ಸು ನಿಂತಾಗ ಕೆಳಗೆ ಇನ್ನೊಮ್ಮೆ ಬರೆದಳು. ಆಗಲೂ ಬರಲಿಲ್ಲ.